ಬಲಕ್ಕೆ ಕೋಲಿಟ್ಟ ಆಟದ ಪೆಟ್ಟಿಗೆ

ಬೈಲಹೊಂಗಲದ ಬಜಾರದಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ. ಪಕ್ಕದಲ್ಲೇ ಮೊಬೈಲ್ ರಿಪೇರಿಯ ಅಂಗಡಿ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಅಲ್ಲಿ ಹೋಗಿ ಕೂತು ಹರಟುವುದು ನನ್ನ ಚಟ. ಇವತ್ತು ಮಧ್ಯಾಹ್ನವೂ ಕೂತಿದ್ದೆ. ರಿಪೇರಿಯವನು ಕಾದ ಕಡ್ಡಿಯನ್ನು ಬೆಸುಗೆಯ ತಂತಿಗೆ ಮುಟ್ಟಿಸಿದ. ಚುಂಯ್ ಎಂದು ಒಂದೆಳೆ ಹೊಗೆ ಎದ್ದಿತು. ಸುಟ್ಟ ರಾಳದ ಆ ವಾಸನೆ ಮೂಗಿಗೆ ಬಡಿದರೆ ಸಾಕು, ನನ್ನ ಎದೆ ಇವತ್ತಿಗೂ ಧಸಕ್ಕೆನ್ನುತ್ತದೆ. ನಗಬೇಡಿ. ನಮ್ಮ ಮನೆಯ ಪಡಸಾಲೆಯಲ್ಲಿ ಆ ವಾಸನೆಯ ಬೆನ್ನಿಗೆ ಏನೇನು ಬಂತು ಅನ್ನುವುದನ್ನು ಕೇಳಿದರೆ ನಿಮಗೂ ಹಾಗೆಯೇ ಆದೀತು.

ಗುಂಡೂಕಾಕಾ ನನ್ನ ತಂದೆಯ ತಮ್ಮ. ತಂದೆ ಬೇಗ ತೀರಿಕೊಂಡಿದ್ದರಿಂದ ನನ್ನನ್ನು ಬೆಳೆಸಿದವರು ಕಾಕಾ ಮತ್ತು ಅವನ ಹೆಂಡತಿ ಕಾಕೂ. ಅವರಿಗೆ ಮಕ್ಕಳಿಲ್ಲ, ನಾನೇ ಮಗ, ನಾನೇ ಶಿಷ್ಯ, ಬೈಸಿಕೊಳ್ಳುವವನೂ ನಾನೇ. ಕಾಕಾನದು ಪೌರೋಹಿತ್ಯ. ಸಂಪಗಾಂವದಲ್ಲಿ ವಾಸ್ತುಶಾಂತಿ, ಮುನವಳ್ಳಿಯಲ್ಲಿ ಮುಂಜಿವೆ, ಸುರೇಬಾನದಲ್ಲಿ ಸತ್ಯನಾರಾಯಣ, ಹೀಗೆ ಬಸ್ಸಿನಲ್ಲಿ ಊರೂರು ತಿರುಗುವವನು. ಅವನ ಪಾಲಿಗೆ ಜಗತ್ತು ಎರಡು ಭಾಗ: ಬಲಗೈ ಮತ್ತು ಎಡಗೈ. ಕೊಡುವುದು, ತಗೊಳ್ಳುವುದು, ಉಣ್ಣುವುದು, ಆಶೀರ್ವಾದ ಮಾಡುವುದು ಎಲ್ಲವೂ ಬಲಗೈ. ಎಡಗೈಗೆ ಉಳಿದದ್ದು ಯಾವುದು ಅಂತ ಬಿಡಿಸಿ ಹೇಳಬೇಕಿಲ್ಲವಲ್ಲ! ಒಮ್ಮೆ ರಾಮದುರ್ಗದ ಬಸ್ಸು ಹತ್ತುವಾಗ ಅವನ ಬಲಗೈಯಲ್ಲಿ ಕಲಶದ ಚೀಲವಿತ್ತು. ಕಂಡಕ್ಟರ್ ಟಿಕೇಟು ಚಾಚಿದರೆ ಎಡಗೈಯಲ್ಲಿ ತಗೊಳ್ಳಲೊಲ್ಲ, ಕಲಶವನ್ನು ನೆಲಕ್ಕೆ ಇಡಲೊಲ್ಲ. ಹಿಂದೆ ನಿಂತವರೆಲ್ಲ "ನಡೀರಿ ಮುಂದ, ಆಚಾರ್ರ" ಎಂದು ಬೊಬ್ಬೆ ಹೊಡೆದರೂ ಬಾಗಿಲಲ್ಲೇ ಕಂಬದ ಹಾಗೆ ನಿಂತ. ಕೊನೆಗೆ ಕಂಡಕ್ಟರನೇ ಟಿಕೇಟನ್ನು ಅವನ ಅಂಗಿಯ ಕಿಸೆಗೆ ತುರುಕಿದ.

ನನ್ನ ಕಿವಿ ಹಿಂಡಿದ್ದೂ ಬಲಗೈಯಿಂದಲೇ. ನಾನು ಸಾಲಿಗೆ ಹೋಗುವಾಗ ಬಸ್ ಸ್ಟ್ಯಾಂಡಿನ ಹಿಂದೆ ವಿಡಿಯೋ ಗೇಮಿನ ಒಂದು ಕತ್ತಲೆ ಖೋಲಿ ಇತ್ತು. ಆಡುವಷ್ಟು ಚಿಲ್ಲರೆ ನನ್ನ ಹತ್ತಿರ ಎಲ್ಲಿಂದ ಬರಬೇಕು? ಆಡುವವರ ಬೆನ್ನ ಹಿಂದೆ ನಿಂತು ಹೆಗಲ ಮೇಲಿಂದ ಪರದೆ ನೋಡುತ್ತಿದ್ದೆ. ಕಾಕಾ ಬಂದು ಕಿವಿ ಹಿಡಿದು ಎಳೆದುಕೊಂಡು ಹೋಗುತ್ತಿದ್ದ. "ದೈತ್ಯರ ಆಟ ನೋಡತೀ? ಸಂಧ್ಯಾವಂದನಿ ಯಾರು ಮಾಡಬೇಕು, ನಿಮ್ಮಪ್ಪನೇನು?" ಅಪ್ಪ ಇಲ್ಲದ ಹುಡುಗನಿಗೆ ಹಾಗೆ ಅನ್ನಬಾರದು ಅಂತ ಕಾಕೂ ಒಳಗಿನಿಂದ ಗದರುತ್ತಿದ್ದಳು. ಇರಲಿ.

ಅಂಥ ಕಾಕಾನಿಗೆ ಕೆಲವು ವರ್ಷಗಳ ಹಿಂದೆ ಲಕ್ವಾ ಹೊಡೆಯಿತು. ಕಾಲು ಬಂತು, ಮಾತು ಬಂತು, ಬಲಗೈ ಮಾತ್ರ ಬರಲಿಲ್ಲ. ಧಾರವಾಡದ ಡಾಕ್ಟರು ಕೈಗೆ ವ್ಯಾಯಾಮ ಹೇಳಿ, ಹಿಸುಕಲು ಒಂದು ರಬ್ಬರ್ ಚೆಂಡು ಕೊಟ್ಟರು. ಕಾಕಾ ಅದನ್ನು ಗೋಡೆಯ ಮಾಡದಲ್ಲಿಟ್ಟ, ತಿರುಗಿ ನೋಡಲಿಲ್ಲ. ಎಡಗೈಯಿಂದ ಉಣ್ಣು ಅಂದರೆ, "ಎಡಗೈಲೆ ಉಣ್ಣೂದಕಿಂತ ಉಪವಾಸ ಸಾಯೂದು ಛಲೋ" ಅಂದ. ಅಂದಂತೆಯೇ ಸಾಯಲಿಕ್ಕೂ ಹತ್ತಿದ. ಕಾಕೂ ತುತ್ತು ಮಾಡಿ ಉಣಿಸುತ್ತಿದ್ದಳು. ನಾಕು ತುತ್ತಿಗೇ ನಾಚಿಕೆಯಿಂದ ಮುಖ ತಿರುಗಿಸಿ "ಸಾಕು" ಎನ್ನುತ್ತಿದ್ದ. ಹರವಾದ ಎದೆಯಲ್ಲಿ ಎಲುಬು ಕಾಣತೊಡಗಿದವು. ಮೈಮೇಲೆ ಜನಿವಾರ ಜೋತಾಡತೊಡಗಿತು. ಹೀಗೇ ಆದರೆ ಈ ಮನುಷ್ಯ ಮುಂದಿನ ದೀಪಾವಳಿ ಕಾಣುವುದಿಲ್ಲ ಎಂದು ನಮಗೆಲ್ಲ ಗೊತ್ತಿತ್ತು, ಬಾಯಿ ಬಿಟ್ಟು ಯಾರೂ ಅನ್ನುತ್ತಿರಲಿಲ್ಲ.

ಇಂಥ ಹೊತ್ತಿನಲ್ಲಿ ನನಗೆ ಹುಚ್ಚು ಹಿಡಿಯಬೇಕೇ? ಫೋನಿನಲ್ಲಿ ಯಾರೋ ಒಬ್ಬ ಮೇಜಿನ ಮೇಲಿಡುವಂಥ ವಿಡಿಯೋ ಗೇಮಿನ ಪೆಟ್ಟಿಗೆಯನ್ನು ಮನೆಯಲ್ಲೇ ಮಾಡುವುದನ್ನು ನೋಡಿದೆ. ಹಳೇ ಮಾನಿಟರ್ ಅಂಗಡಿಯಲ್ಲಿ ಬಿದ್ದಿತ್ತು. ಆಟ ನಡೆಸುವ ಜಾಯ್‌ಸ್ಟಿಕ್ ಕೋಲು, ಒತ್ತುವ ಗುಂಡಿ, ಅಂಗೈಯಗಲದ ಕಂಪ್ಯೂಟರ್ ಎಲ್ಲ ಕೊರಿಯರ್‌ನಲ್ಲಿ ಬಂದವು. ಕಾಕಾನ ಸಲುವಾಗಿ ಮಾಡಿದೆ ಅಂದರೆ ನೀವು ಮೆಚ್ಚೀರಿ, ಆದರೆ ಅದು ಸುಳ್ಳು. ತಲೆ ನರೆತ ಮೇಲೆ ಸ್ವಂತ ಗೇಮು ಆಡುವ ಆಸೆ ನನ್ನದು. ನನ್ನ ಹೆಂಡತಿ ಸುಧಾ ಪ್ಲೈವುಡ್ ಹಲಗೆ ನೋಡಿ ಕೇಳಿದಳು: "ಅಡಗಿಮನಿ ಕಪಾಟಿನ ಬಾಗಿಲಾ ಮುರದು ಎಷ್ಟು ದಿನ ಆತು? ಅದಕ್ಕ ಕೈ ಬರೂದಿಲ್ಲ, ಇದಕ್ಕ ಹ್ಯಾಂಗ ಬರತದ?"

ಬರಲೂ ಇಲ್ಲ ಅನ್ನಿ. ಗರಗಸ ಹಿಡಿದ ಮೊದಲ ದಿನವೇ ಹಲಗೆಯನ್ನು ಗೆರೆಯ ಆಚೆ ಕೊಯ್ದೆ. ಉದ್ದನ್ನ ಸ್ಕ್ರೂ ತಿರುವಿದೆ, ಅದರ ಮೊನೆ ಆ ಕಡೆ ಹೊರಬಂದು ನನ್ನ ಬೆರಳಿಗೇ ಚುಚ್ಚಿತು. ಮಾನಿಟರ್ ಪೆಟ್ಟಿಗೆಯೊಳಗೆ ಹಿಡಿಸಲಿಲ್ಲ, ಅದರ ಪ್ಲಾಸ್ಟಿಕ್ ಕವಚ ಬಿಚ್ಚಿ ಒಗೆದೆ. ಪ್ರತಿ ಗುಂಡಿಗೂ ಎರಡು ವೈರು. ಯಾವುದು ಎಲ್ಲಿಗೆ ಅಂತ ತಿಳಿಯದೆ ತಲೆ ಗಿರ್ರೆಂದಿತು. ಬೆಸುಗೆ ಹಾಕುವಾಗ ಹೊಗೆ ಪಡಸಾಲೆ ತುಂಬಿತು. ಒಳಗಿನ ಖೋಲಿಯಿಂದ ಕಾಕಾ ಕೂಗಿದ: "ಯಾವ ದೇವರಿಗೆ ಧೂಪ ಹಾಕಲಿಕ್ಕೆ ಹತ್ತೀಯೋ?" ನಾನು ಕಿವಿ ಮುಚ್ಚಿಕೊಂಡೆ. ಆ ವಯಸ್ಸಿನಲ್ಲೂ ಕಿವಿ ತಾನಾಗಿಯೇ ನೆನಪು ಮಾಡಿಕೊಂಡಿತು.

ಅಂತೂ ಒಂದು ದಿನ ಪೆಟ್ಟಿಗೆ ಹತ್ತಿಕೊಂಡಿತು. ಪರದೆ ಬೆಳಗಿತು, ಪುಂಯ್ ಪುಂಯ್ ಅಂದಿತು. ಕಿತ್ತೂರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ನನ್ನ ಗೆಳೆಯ ಬಸೂನನ್ನು ಹೆಮ್ಮೆಯಿಂದ ಕರೆಸಿದೆ. ಅವನು ಪೆಟ್ಟಿಗೆಯ ಮುಂದೆ ಕೂತ, ಕೈ ಚಾಚಿದ, ಹಿಂದಕ್ಕೆ ಎಳೆದುಕೊಂಡ, ಮತ್ತೆ ಚಾಚಿದ.

"ಏ ಮಾರಾಯಾ, ಕೋಲು ಬಲಕ್ಕ್ಯಾಕ ಹಾಕೀಯೋ?"

"ಮತ್ತ ಎಲ್ಲಿ ಹಾಕಬೇಕು?"

"ಎಡಕ್ಕ! ಎಡಗೈಲೆ ಕೋಲು, ಬಲಗೈಲೆ ಗುಂಡಿ. ಇಡೀ ಜಗತ್ತಿನ್ಯಾಗ ಹಂಗ ಐತಿ. ಇದನ್ನ ಯಾವ ದೇಶದಾಂವ ಆಡಬೇಕೋ?"

ಆ ವಿಡಿಯೋವನ್ನು ಅದೆಷ್ಟು ಸಲ ನೋಡಿದ್ದೆ! ಕೋಲು ಎಡಗಡೆ ಇದ್ದದ್ದು ಕಣ್ಣಿಗೆ ಬಿದ್ದೇ ಇರಲಿಲ್ಲ. ಆಟವನ್ನು ನಡೆಸುವ ಮುಖ್ಯ ವಸ್ತು ಕೋಲು, ಮುಖ್ಯವಾದದ್ದು ಬಲಗೈಗೆ. ಇದರಲ್ಲಿ ಯೋಚನೆ ಮಾಡುವುದೇನಿದೆ? ಆಚಮನದ ನೀರು ಹಿಡಿದ ಕೈ ಅದು, ತೂತು ಕೊರೆಯುವಾಗ ತಾನೇ ಬಲಕ್ಕೆ ಹೋಗಿತ್ತು. ಬಸು ಹೊಟ್ಟೆ ಹಿಡಿದು ನಕ್ಕ. "ಪುರೋಹಿತರ ಮನ್ಯಾಗಿನ ಗೇಮು ಅಂದ್ರ ಹಿಂಗ ನೋಡಪಾ!" ಹೊಸ ಹಲಗೆ ಕೊರೆಯಲು ನನ್ನಲ್ಲಿ ಜೀವ ಉಳಿದಿರಲಿಲ್ಲ. ಸಿಟ್ಟಿನಿಂದ ಪೆಟ್ಟಿಗೆಯ ಮೇಲೊಂದು ಹಳೆಯ ಪಂಜೆ ಹೊದಿಸಿ ಪಡಸಾಲೆಯ ಮೂಲೆಗೆ ತಳ್ಳಿದೆ.

ಕೆಲವು ದಿನಗಳ ಮೇಲೆ ಊಟಕ್ಕೆಂದು ಮನೆಗೆ ಬಂದವನು ಹೊಸ್ತಿಲಲ್ಲೇ ಹೌಹಾರಿದೆ. ಪುಂಯ್ ಪುಂಯ್! ಪಂಜೆ ನೆಲದ ಮೇಲೆ ಬಿದ್ದಿದೆ. ಪೆಟ್ಟಿಗೆಯ ಮುಂದೆ ಮಣೆ ಹಾಕಿಕೊಂಡು, ಮಡಿ ಉಟ್ಟು, ಅಂಗಾರ-ಅಕ್ಷತೆ ಇಟ್ಟುಕೊಂಡು ಗುಂಡೂಕಾಕಾ ಕೂತಿದ್ದಾನೆ. ಸತ್ತ ಬಲಗೈಯನ್ನು ಕೋಲಿನ ಮೇಲೆ ಹೇರಿ ಭುಜದಿಂದ ನೂಕುತ್ತಿದ್ದಾನೆ. ಎಡಗೈ ಗುಂಡಿಯನ್ನು ಟಪಟಪ ಕುಟ್ಟುತ್ತಿದೆ. ಪರದೆಯ ತುಂಬ ಮೇಲಿನಿಂದ ಇಳಿಯುವ ಹುಳುಗಳಂಥ ದೈತ್ಯರು. ಮತ್ತು ಆ ಬಾಯಿ! ಮಂತ್ರ ಹೇಳುವ ಆ ಬಾಯಿಯಿಂದ ಬರುತ್ತಿದ್ದ ಬೈಗುಳಗಳನ್ನು ಇಲ್ಲಿ ಬರೆದರೆ ಈ ಪ್ರಬಂಧವನ್ನು ನೀವು ಮನೆಯೊಳಗೆ ಇಟ್ಟುಕೊಳ್ಳಲಾರಿರಿ. ಮಾಡುವುದೆಲ್ಲ ಅನಾಚಾರ, ಮನೆ ಮುಂದೆ ಬೃಂದಾವನ ಅಂದುಕೊಂಡೆ. ನನ್ನ ಕಿವಿಗೆ ಯಾರು ನ್ಯಾಯ ಕೊಡಬೇಕು?

"ಕಾಕಾ," ಎಂದು ತೊದಲಿದೆ, "ಎಡಗೈ..."

ಅವನು ಪರದೆಯಿಂದ ಕಣ್ಣು ಕೀಳಲಿಲ್ಲ. "ನಡಸೂದು ಬಲಗೈ. ಕೊಲ್ಲೂದು ಎಡಗೈ. ಕೊಲ್ಲೂದು ಅಮಂಗಳ ಕೆಲಸ, ಅದಕ್ಕ ಎಡಗೈನೇ ಬೇಕು. ಜೀವಮಾನದಾಗ ಒಂದು ಕೆಲಸರೆ ಶಾಸ್ತ್ರಪ್ರಕಾರ ಮಾಡೀಯಲ್ಲಾ, ಶಾಭಾಸ್!"

ಬಸು ನಕ್ಕ ತಪ್ಪಿಗೆ ಸಿಕ್ಕ ಶಾಭಾಸ್‌ಗಿರಿ ಇದು! ಜಗತ್ತಿನ ಹಾಗೆ ಎಡಕ್ಕೆ ಕೋಲು ಇಟ್ಟಿದ್ದರೆ ಕಾಕಾ ಅದನ್ನು ಮುಟ್ಟುತ್ತಲೇ ಇರಲಿಲ್ಲ.

ಅಲ್ಲಿಂದ ದಿನವೂ ಮಧ್ಯಾಹ್ನ ಆಟ. ಪೆಟ್ಟಿಗೆಗೂ ಮಡಿ ಬಂತು. ಕೈಕಾಲು ತೊಳೆಯದೆ ನಾನೇ ಅದನ್ನು ಮುಟ್ಟುವಂತಿಲ್ಲ. ಬಲಗೈ ಆಡುತ್ತಿದೆ ಅಂತ ಮನೆಯವರಿಗೆಲ್ಲ ಹಿಗ್ಗು. ಕಾಕೂ ಸವದತ್ತಿ ಗುಡ್ಡದ ಎಲ್ಲಮ್ಮನಿಗೆ ಹರಕೆ ಹೊತ್ತಳು. "ನಿನ್ನೆಕಿಂತ ಇವತ್ತು ಬೆರಳು ಬಿಚ್ಚಾವ" ಎಂದು ಅವಳು, "ಹೌದು ಹೌದು" ಎಂದು ಸುಧಾ, "ಇನ್ನೇನು ಬಂದೇ ಬಿಡತದ" ಎಂದು ನಾನು. ಆದರೆ ಪರದೆಯ ಮೇಲಿನ ಕಾಕಾನ ಸಣ್ಣ ವಿಮಾನ ಮೊದಲ ಮಜಲಿನಲ್ಲೇ ಸಾಯುತ್ತಿತ್ತು. ಇಂದು ಸತ್ತಲ್ಲೇ ನಾಳೆಯೂ ಸಾಯುತ್ತಿತ್ತು. ಊಟ ಮಾತ್ರ ಅದೇ ನಾಕು ತುತ್ತು.

ಒಂದು ಮಧ್ಯಾಹ್ನ ಆಟ ನಿಲ್ಲಿಸಿ ನನ್ನನ್ನು ಕರೆದ. "ಕೋಲು ಎಡಕ್ಕ ಹಾಕು."

ನನಗೆ ಕೇಳಿದ್ದು ನಿಜವೇ ಅನ್ನಿಸಿತು. "ಏನಂದಿ?"

"ಎಡಕ್ಕ ಹಾಕು ಅಂದೆ. ಈ ಕೈ ಬರೂದಿಲ್ಲ."

"ಹಂಗನಬ್ಯಾಡ ಕಾಕಾ, ಸುಧಾರಸಲಿಕ್ಕೆ ಹತ್ತೇದ..."

"ಸುಳ್ಳು ಬೊಗಳಬ್ಯಾಡ!" ಹಳೆಯ ದನಿ ಅದು, ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಆಮೇಲೆ ದನಿ ತಗ್ಗಿತು. "ನೀ ಸುಳ್ಳು ಹೇಳತೀ, ನಿನ್ನ ಹೇಣ್ತಿ ಸುಳ್ಳು ಹೇಳತಾಳ, ನಿನ್ನ ಕಾಕೂ ಅಂತೂ ದೇವರ ಮುಂದ ಕೂತು ಸುಳ್ಳು ಹೇಳತಾಳ. ಈ ಪೆಟಗಿ ಒಂದು ಹೇಳಲಿಲ್ಲ ನೋಡು. ದಿನಾ ನೂಕಿ ನೋಡೇನಿ. ಬರೂದಿಲ್ಲ. ಮುಗೀತು."

ಅವನ ಕಣ್ಣಲ್ಲಿ ನೀರಿರಲಿಲ್ಲ, ನನ್ನ ಕಣ್ಣಲ್ಲಿತ್ತು. ಕಿತ್ತೂರಿಗೆ ಫೋನು ಮಾಡಿ ಬಸೂನನ್ನು ಕರೆಸಿದೆ. ಇಬ್ಬರೂ ಕೂಡಿ ಹೊಸ ಹಲಗೆ ಕೊಯ್ದು, ಕೊರೆದು, ಕೋಲನ್ನು ಎಡಕ್ಕೂ ಒಂದು ದೊಡ್ಡ ಗುಂಡಿಯನ್ನು ಬಲಕ್ಕೂ ಕೂಡಿಸಿದೆವು. ಈ ಸಲ ಬಸು ನಗಲಿಲ್ಲ. ಕಾಕಾ ಬಲಗೈಯ ಮುಷ್ಟಿಯನ್ನು ಗುಂಡಿಯ ಮೇಲೆ ಭಾರ ಹಾಕಿ ಊರಿದ. ಎಡಗೈಯಿಂದ ಕೋಲು ಹಿಡಿದ. ವಿಮಾನ ಮೊದಲ ಮಜಲು ದಾಟಿತು, ಎರಡನೆಯದೂ ದಾಟಿತು. ಅವನು ಒಮ್ಮೆ ತನ್ನ ಎಡಗೈಯನ್ನು ಎತ್ತಿ, ಯಾರೋ ಹೊಸಬರನ್ನು ನೋಡುವಂತೆ, ಬಹಳ ಹೊತ್ತು ನೋಡಿದ.

ಅದಾದ ಮೇಲೆ ಒಂದು ದಿನ ಎಂದಿನಂತೆ ಊಟಕ್ಕೆ ಕೂತಿದ್ದೆವು. ಕಾಕೂ ಅವನ ತಾಟಿನಲ್ಲಿ ಅನ್ನ ಸಾರು ಕಲಸಿ ತುತ್ತು ಎತ್ತಿದಳು.

"ತಡಿ," ಅಂದ ಕಾಕಾ.

ಎಡಗೈಯಿಂದ ತಾಟನ್ನು ತನ್ನ ಕಡೆ ಎಳೆದುಕೊಂಡ. ಅಗಳು ನೆಲಕ್ಕೆ ಬಿದ್ದವು, ಸಾರು ಮೊಣಕೈಗೆ ಇಳಿಯಿತು. ಒಂದು ತುತ್ತು ಬಾಯಿಗೆ ಹೋಯಿತು. ಇನ್ನೊಂದು ಹೋಯಿತು. ನಾನು ಕೈಯಲ್ಲಿದ್ದ ರೊಟ್ಟಿ ಹಿಡಿದುಕೊಂಡೇ ಕೂತೆ; ಸುಧಾ ಬಡಿಸುವ ಸೌಟು ಹಿಡಿದು ನಿಂತುಬಿಟ್ಟಳು. ಸಿಡಿಲು ಬಡಿದಿದ್ದರೂ ಆ ಮನೆ ಅಷ್ಟು ಬೆರಗಾಗುತ್ತಿರಲಿಲ್ಲ. ಕಾಕೂ ತುತ್ತು ಹಿಡಿದ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿ ಬೀದಿ ಬಾಗಿಲ ಕಡೆ ತಿರುಗಿದಳು.

"ಬಾಗಿಲಾ ಯಾಕ ನೋಡತೀ? ಬರವರು ಬರಲಿ," ಅಂದ ಕಾಕಾ. "ಸತ್ತರ ನಾಕು ಮಂದಿ ಬಂದು ಹೊರತಾರ, ಉಣಸಲಿಕ್ಕೆ ಯಾರೂ ಬರೂದಿಲ್ಲ. ನಿನ್ನ ತಾಟು ತಗೊಂಡು ಕೂಡು."

"ನಾ ಆಮ್ಯಾಲೆ..."

"ಈಗ."

ಮದುವೆಯಾದಂದಿನಿಂದ ಕಾಕೂ ಅವನ ಊಟ ಮುಗಿಯದೆ ಉಂಡವಳಲ್ಲ. ಲಕ್ವಾ ಹೊಡೆದ ಮೇಲಂತೂ ಅವನಿಗೆ ಉಣಿಸಿ, ಒರೆಸಿ, ಮಲಗಿಸಿ, ಅವಳು ಉಣ್ಣುವ ಹೊತ್ತಿಗೆ ಅನ್ನ ಕಲ್ಲಾಗಿರುತ್ತಿತ್ತು. ಈಗ ಅವನ ಎದುರಿಗೇ ಕೂತಳು. ಅವನಿಗೆಂದು ಎತ್ತಿದ ತುತ್ತು ಇನ್ನೂ ಕೈಯಲ್ಲೇ ಇತ್ತು. ಏನು ಮಾಡಬೇಕೋ ತಿಳಿಯದೆ ಅದನ್ನು ತನ್ನ ಬಾಯಿಗೇ ಇಟ್ಟುಕೊಂಡಳು. ಇಟ್ಟುಕೊಂಡವಳು ಬೆಚ್ಚಿ ನಮ್ಮೆಲ್ಲರ ಮುಖ ನೋಡಿದಳು.

"ಅಯ್ಯ, ಅನ್ನ ಬಿಸಿ ಅದ!" ಅಂದಳು. ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನಾವ್ಯಾರೂ ತಡೆಯಲಿಲ್ಲ.

ರಿಪೇರಿಯ ಅಂಗಡಿಯಲ್ಲಿ ಇದನ್ನೆಲ್ಲ ನೆನೆಸುತ್ತ ಕೂತಿರುವಾಗ ನನ್ನ ಫೋನು ಬಡಿದುಕೊಂಡಿತು. ಕಾಕಾ. ಈಗ ಅವನ ದನಿ ಫೋನಿಲ್ಲದೆಯೂ ಬಜಾರದ ತನಕ ಕೇಳಿಸುವಷ್ಟು ಗಟ್ಟಿಯಾಗಿದೆ.

"ಎಲ್ಲಿದ್ದೀಯೋ? ಲಗೂ ಬಾ ಮನಿಗೆ! ನಿನ್ನ ಕಾಕೂ ನನ್ನ ಬಿಟ್ಟು ಆಗಲೇ ಉಣ್ಣಲಿಕ್ಕೆ ಕೂತಾಳ. ನನಗ ಬಡಸವರು ಯಾರೂ ಇಲ್ಲ!"

ಹಿಂದಿನಿಂದ, ತುಂಬಿದ ಬಾಯಿಯಲ್ಲೇ, ಕಾಕೂನ ದನಿ ಕೇಳಿಸಿತು:

"ನಿಮಗ ಕೈ ಅದಲ್ಲಾ, ಬಡಿಸ್ಕೋರಿ."