ಭಾವನ ಟ್ಯಾಂಕರ್ ಬೋಗಿಗಳು

ಭಾವನಿಗೆ ಲಕ್ವ ಹೊಡೆದಾಗ ಬಲಗೈ, ಬಲಗಾಲಿನ ಜೊತೆಗೆ ಮಾತೂ ಹೋಯಿತು. ಕಾಲು ಬೇಗ ಸುಧಾರಿಸಿತು. ಕೋಲೂರಿಕೊಂಡು ಮನೆಯಿಂದ ಮಾಲೂರು ಸ್ಟೇಷನ್ನಿನವರೆಗೆ ನಡೆಯುವಷ್ಟು ಆಯಿತು. ಮಾತು ಮಾತ್ರ ಬರಲಿಲ್ಲ. ಬಾಯಿ ತೆರೆದರೆ "ಕಾ... ಕಾ..." ಅನ್ನುತ್ತಿದ್ದರು, ಅಷ್ಟೆ. ಅಕ್ಕ ಕಾಫಿ ತಂದುಕೊಡುತ್ತಿದ್ದಳು. ಅವರು ಲೋಟವನ್ನು ಪಕ್ಕಕ್ಕೆ ತಳ್ಳಿ ಇನ್ನೊಂದು ಸಲ "ಕಾ" ಅನ್ನುತ್ತಿದ್ದರು. ಸಕ್ಕರೆ ಕಮ್ಮಿಯಾಯಿತೇನೋ ಅಂತ ಅಕ್ಕ ಒಳಗೆ ಹೋಗುತ್ತಿದ್ದಳು.

ಭಾವ ಬೋರ್‌ವೆಲ್ ಮೋಟಾರುಗಳಿಗೆ ವೈಂಡಿಂಗ್ ಮಾಡುವ ಅಂಗಡಿ ಇಟ್ಟವರು. ಅವರ ಹುಚ್ಚು ರೈಲಿನದು. ಅಂಗಡಿಯಲ್ಲಿ ಮಿಕ್ಕ ಪಿವಿಸಿ ಪೈಪಿನ ತುಂಡು, ತಾಮ್ರದ ತಂತಿ, ಔಷಧಿ ಬಾಟಲಿಯ ಮುಚ್ಚಳ ಇವನ್ನೆಲ್ಲ ಸೇರಿಸಿ ಗೂಡ್ಸ್ ಗಾಡಿಯ ಬೋಗಿಗಳನ್ನು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾಗಿ ಮಾಡುತ್ತಿದ್ದರು. ಅದರಲ್ಲೂ ಟ್ಯಾಂಕರ್ ಬೋಗಿಗಳೆಂದರೆ ಪ್ರಾಣ. ಷೋಕೇಸಿನಲ್ಲಿ ಅಕ್ಕನ ಸ್ಟೀಲ್ ಪಾತ್ರೆಗಳನ್ನು ಹಿಂದಕ್ಕೆ ಸರಿಸಿ ಅವೇ ಮುಂದೆ ನಿಂತಿದ್ದವು.

ಕೋಲಾರದಲ್ಲಿ ಮಾತಿನ ಚಿಕಿತ್ಸೆ ಕೊಡುವ ಡಾಕ್ಟರಮ್ಮ ನನಗೆ ಬಿಡಿಸಿ ಹೇಳಿದರು. "ಮಾತು ಹೊರಗೆ ಬರದೇ ಇರೋದು ಬೇರೆ, ನಾವು ಹೇಳಿದ್ದು ಅರ್ಥ ಆಗದೇ ಇರೋದು ಬೇರೆ. ಇವರಿಗೆ ಯಾವುದು ಅಂತ ಗೊತ್ತಾಗಬೇಕು. ಇಷ್ಟದ ವಸ್ತು ಏನಾದ್ರೂ ಇದ್ರೆ ಅದನ್ನೇ ಇಟ್ಕೊಂಡು ನೋಡಿ."

ನಾನು ಕ್ಯಾಲನೂರಿನ ಹತ್ತಿರ ಹಾಲು ಶೀತಲ ಕೇಂದ್ರವೊಂದರಲ್ಲಿ ಹಾಲಿನ ಪರೀಕ್ಷೆ ಮಾಡುವವಳು. ಪರೀಕ್ಷೆ ಅಂದರೆ ನನಗೆ ಸಲೀಸು ಅನ್ನಿಸಿತು. ಹಾಳೆಗಳ ಮೇಲೆ ಪೆಟ್ರೋಲ್ ಬಂಕು, ಗ್ಯಾಸ್ ಸಿಲಿಂಡರು, ಅಡುಗೆ ಎಣ್ಣೆ ಪ್ಯಾಕೆಟ್ಟು, ಬ್ಯಾಟರಿ, ಹಾಲಿನ ಕ್ಯಾನು ಇವುಗಳ ಚಿತ್ರ ಅಂಟಿಸಿದೆ. ಬ್ಯಾಟರಿ ಆಸಿಡ್ಡಿನ ಗುರುತು. ಭಾನುವಾರ ಮಾಲೂರಿಗೆ ಹೋಗಿ ಐದು ಬೋಗಿಗಳನ್ನು ಮೇಜಿನ ಮೇಲಿಟ್ಟೆ. "ಭಾವ, ಯಾವುದು ಏನು ಸಾಗಿಸುತ್ತೋ ಆ ಚಿತ್ರದ ಮೇಲೆ ಇಡಿ" ಅಂದೆ.

ಬೋಗಿಗಳ ಮೇಲೆ ಅವರು ಇನ್ನೂ ಅಕ್ಷರ ಬರೆದಿರಲಿಲ್ಲ. ಉತ್ತರವನ್ನು ನಾನೇ ಊಹಿಸಿಕೊಂಡಿದ್ದೆ. ದಪ್ಪನೆಯ ಬಿಳಿಯದು ಹಾಲಿನದು. ಸಣಕಲು ಕಪ್ಪನೆಯದು ಪೆಟ್ರೋಲಿನದು. ಭಾವ ಬಿಳಿಯದನ್ನು ಗ್ಯಾಸ್ ಸಿಲಿಂಡರಿನ ಮೇಲಿಟ್ಟರು. ಸಣಕಲನ್ನು ಬ್ಯಾಟರಿಯ ಮೇಲೆ. ಬೂದು ಬಣ್ಣದ ಎರಡನ್ನೂ ಪೆಟ್ರೋಲ್ ಬಂಕಿಗೆ ಇಟ್ಟರು. ಹಾಲಿನ ಚಿತ್ರ ಖಾಲಿ ಉಳಿಯಿತು. ಎಣ್ಣೆಯದೊಂದು ಮಾತ್ರ ಸರಿ. ನಾನು ಬಿಳಿಯದನ್ನು ಎತ್ತಿ ಹಾಲಿನ ಮೇಲಿಟ್ಟು "ಹೀಗೆ ಭಾವ" ಅಂದೆ. ಅವರು "ಕಾ... ಕಾ" ಅನ್ನುತ್ತ ಅದನ್ನು ವಾಪಸು ಇಟ್ಟರು. ಮುಂದಿನ ಭಾನುವಾರವೂ ಹಾಗೇ. ಅದರ ಮುಂದಿನ ವಾರ ಹಾಲಿನ ಚಿತ್ರವನ್ನೇ ಎತ್ತಿ ನೆಲಕ್ಕೆ ಎಸೆದರು.

ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಅವರಿಗೆ ಏನೂ ತಿಳೀತಾ ಇಲ್ಲ ಕಣೇ. ಸುಮ್ನೆ ಯಾಕೆ ಹಿಂಸೆ ಕೊಡ್ತೀಯ, ಬಿಡು."

ಆಮೇಲೆ ಅವಳು ಅವರ ಜೊತೆ ಮಾತಾಡುವುದನ್ನೇ ಕಮ್ಮಿ ಮಾಡಿದಳು. ಊಟ ಬಡಿಸಿ ಸುಮ್ಮನೆ ಕೂರುತ್ತಿದ್ದಳು. ನಂಗಲಿಯಿಂದ ಭಾವನ ತಮ್ಮ ಬಂದವನು ಅವರ ಎದುರಿಗೇ ಹೇಳಿದ: "ಅಂಗಡಿ ಮಾರಿಬಿಡೋಣ ಅತ್ತಿಗೆ. ಅಣ್ಣನ್ನ ಕೇಳಿ ಏನು ಪ್ರಯೋಜನ?" ಭಾವ ಗೋಡೆ ಕಡೆ ತಿರುಗಿ ಮಲಗಿದರು.

ಇನ್ನೊಂದು ಭಾನುವಾರ ಸಂಜೆ ಅವರನ್ನು ಸ್ಟೇಷನ್ನಿಗೆ ಕರೆದುಕೊಂಡು ಹೋದೆ. ಪರೀಕ್ಷೆ ಗಿರೀಕ್ಷೆ ಏನೂ ಇಲ್ಲ, ಬರೀ ಗಾಳಿಗೆ. ಯಾವುದೋ ಎಕ್ಸ್‌ಪ್ರೆಸ್ಸಿಗೆ ದಾರಿ ಬಿಟ್ಟು ಒಂದು ಗೂಡ್ಸ್ ಗಾಡಿ ಪಕ್ಕದ ಹಳಿಯಲ್ಲಿ ನಿಂತಿತ್ತು. ಉದ್ದಕ್ಕೂ ದಪ್ಪನೆಯ ಬಿಳಿ ಟ್ಯಾಂಕರುಗಳು. ಪ್ರತಿಯೊಂದರ ಮೇಲೂ ದೊಡ್ಡದಾಗಿ ಎಲ್‌ಪಿಜಿ ಅಂತ ಬರೆದಿತ್ತು.

ನಾನು ಬೆಂಚಿನ ಮೇಲಿಂದ ಎದ್ದುಬಿಟ್ಟೆ. ಭಾವ ಕೋಲನ್ನು ಎತ್ತಿ ಮೊದಲು ಟ್ಯಾಂಕರಿನ ಹೊಟ್ಟೆಯ ಕೆಳಗೆ ತೋರಿಸಿದರು. ಅಲ್ಲಿ ಕೊಳಾಯಿ ಇರಲಿಲ್ಲ. ಆಮೇಲೆ ಮೇಲಿನ ಮುಚ್ಚಳ ತೋರಿಸಿದರು. ಷೋಕೇಸಿನ ಬಿಳಿ ಬೋಗಿ ಕಣ್ಣ ಮುಂದೆ ಬಂತು. ಮಿಕ್ಕವಕ್ಕೆಲ್ಲ ಅವರು ಹೊಟ್ಟೆಯ ಕೆಳಗೆ ತಾಮ್ರದ ತಂತಿಯಲ್ಲಿ ಕೊಳಾಯಿ ಮಾಡಿದ್ದರು, ಬಿಳಿಯದಕ್ಕೆ ಮಾಡಿರಲಿಲ್ಲ. ಪೆಟ್ರೋಲನ್ನು ಕೆಳಗಿಂದ ಇಳಿಸಬಹುದು. ಒತ್ತಿ ತುಂಬಿದ ಗ್ಯಾಸಿಗೆ ಬಾಯಿ ಇರುವುದು ಮೇಲೆ ಮಾತ್ರ.

"ಭಾವ, ಹಾಗಾದ್ರೆ ಆ ಬಿಳೀದು ಹಾಲಿಂದು ಅಲ್ವಾ?"

ಅವರು ತುಟಿ ಬಿಗಿಹಿಡಿದು, ಕತ್ತಿನ ನರ ಉಬ್ಬಿಸಿ ಹೇಳಿದರು. "ಕಾ... ಕಾದು."

ಭಾವ ಹುಟ್ಟಿ ಬೆಳೆದದ್ದು ಆಂಧ್ರದ ಗಡಿಯ ನಂಗಲಿ ಕಡೆ. ನಮ್ಮ ಜೊತೆ ಆಡುತ್ತಿದ್ದದ್ದು ಕನ್ನಡವೇ ಆದರೂ ಅವರ ತಾಯಿಯ ಭಾಷೆ ತೆಲುಗು. ತೆಲುಗಿನಲ್ಲಿ "ಕಾದು" ಅಂದರೆ "ಅಲ್ಲ" ಅಂತ. ಇಷ್ಟು ದಿನ ಅವರು ಕಾಫಿ ಕೇಳಿರಲಿಲ್ಲ. ಅಲ್ಲ, ಅಲ್ಲ ಅನ್ನುತ್ತಿದ್ದರು. ನಾವು ಲೋಟದ ಮೇಲೆ ಲೋಟ ತಂದಿಡುತ್ತಿದ್ದೆವು.

ಮನೆಗೆ ಬಂದವಳೇ ಚಪ್ಪಲಿಯಲ್ಲೇ ಷೋಕೇಸಿನ ಹತ್ತಿರ ಹೋದೆ. ಕಪ್ಪು ಸಣಕಲನ್ನು ಕೈಗೆತ್ತಿಕೊಂಡಾಗ ನನ್ನ ಬುದ್ಧಿಗೆ ನನಗೇ ನಗು ಬಂತು. ಹಾಲಿನ ಜಿಡ್ಡು ನೋಡಲು ನಾನು ದಿನಾ ಆಸಿಡ್ ಬಳಸುತ್ತೇನೆ. ಬಾಟಲಿ ಚಿಕ್ಕದು, ಎತ್ತಿದರೆ ಕೈ ಜಗ್ಗುತ್ತದೆ. ಅಷ್ಟು ಭಾರದ್ದನ್ನು ಸಾಗಿಸುವ ಟ್ಯಾಂಕು ಸಣ್ಣಗೇ ಇರಬೇಕಲ್ಲ. ಅದು ಬ್ಯಾಟರಿಗೇ ಸೇರಿದ್ದು.

"ಸರಿ, ಹಾಲಿನ ಗಾಡಿ ಯಾವುದು ಭಾವ?"

ಅವರು ಎಡಗೈ ಬಿಚ್ಚಿ ಖಾಲಿ ಅಂಗೈ ತೋರಿಸಿದರು. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅಕ್ಕ ಅಂದಳು, "ಅಯ್ಯೋ, ಹಾಲಿಂದು ಅವರು ಮಾಡೇ ಇಲ್ಲ ಕಣೇ! ಮಾಡ್ತೀನಿ ಮಾಡ್ತೀನಿ ಅಂತಿದ್ರು, ಅಷ್ಟರಲ್ಲಿ ಹಿಂಗಾಯ್ತು."

ಅಷ್ಟು ಹೇಳುವಾಗಲೇ, ಅವರು ಇಟ್ಟದ್ದೆಲ್ಲ ಸರಿಯಾಗೇ ಇತ್ತು ಅಂತ ಅವಳಿಗೇ ಹೊಳೆಯಿತು. ಆಮೇಲೆ ಬಂದು ಅವರ ಎದುರಿಗೆ ಕೂತಳು. "ರೀ, ಎಲ್ಲ ತಿಳೀತಾ ಇತ್ತಾ ನಿಮಗೆ? ಅವತ್ತು ನಿಮ್ಮ ತಮ್ಮ ಹೇಳಿದ್ದೂ?"

ಭಾವ ಹೌದು ಅಂತ ತಲೆಯಾಡಿಸಿದರು.

"ಅಂಗಡಿ ಮಾರಲಾ?"

"ಕಾದು."

ಅಲ್ಲಿ ಬೇಡ ಅನ್ನುವ ಮಾತು ಬರಬೇಕಿತ್ತು. ಅವರ ಹತ್ತಿರ ಇದ್ದದ್ದು ಇದೊಂದೇ. ಅಕ್ಕನಿಗೆ ಅದೇ ಸಾಕಾಯಿತು. ಅತ್ತಳು, ನಕ್ಕಳು, ಆಮೇಲೆ ಮನೆಯ ಸಮಾಚಾರವನ್ನೆಲ್ಲ ಶುರು ಮಾಡಿದಳು. ಪಕ್ಕದ ಮನೆಯವರು ಗೋಡೆ ಎತ್ತರಿಸಿದ್ದು, ಟೊಮೇಟೊ ರೇಟು ಬಿದ್ದದ್ದು, ನೀರು ಬರದೇ ಇದ್ದದ್ದು. ಅವರು ಒಂದೊಂದಕ್ಕೂ ಹುಬ್ಬು ಎತ್ತಿ ಕೇಳಿಸಿಕೊಳ್ಳುತ್ತಿದ್ದರು. ನಾನು ಹೊರಟಿದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

ಕೋಲಾರದ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ತಿಂಗಳುಗಳಿಂದ ಸರಿಯಾಗಿ ನಿದ್ದೆ ಇರಲಿಲ್ಲ. ವಕ್ಕಲೇರಿ ಬಂದದ್ದೂ ತಿಳಿಯಲಿಲ್ಲ, ಹೋದದ್ದೂ ತಿಳಿಯಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಎಲ್ಲರೂ ಇಳಿದ ಮೇಲೆ ಕಂಡಕ್ಟರ್ ಬಂದು ಸೀಟು ತಟ್ಟಿದ. "ಏಳಮ್ಮಾ, ಕೋಲಾರ."