ಓಟಿಗಿಟ್ಟ ಆಣೆಯನ್ನು ಮಾದಪ್ಪ ಬಿಡಿಸಿದ ಬಗೆ

ಮಾದಪ್ಪನ ಒಕ್ಕಲಿನ ಅಕ್ಕತಂಗಿಯರೇ, ಅವನ ಹೆಸರಿನ ಆಣೆಯೊಂದು ನನ್ನ ಅನ್ನ ನೀರು ಬಿಡಿಸಿತ್ತು. ಅದರಿಂದ ಅವನೇ ನನ್ನನ್ನು ಪಾರು ಮಾಡಿದ್ದನ್ನು ಬರೆಯುತ್ತಿದ್ದೇನೆ. ಫೋನಿನಲ್ಲಿ ಬರೆಯುವುದನ್ನು ಮೊಮ್ಮಗಳಿಂದ ಈಗಷ್ಟೇ ಕಲಿತೆ. ಒಂದೇ ಬೆರಳಿನ ಕೆಲಸ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮದು ಕುಂತೂರು ಪಕ್ಕದ ಹಳ್ಳಿ. ಈಚೆಗೆ ಪಂಚಾಯ್ತಿಯ ಒಂದು ಸೀಟಿಗೆ ಉಪಚುನಾವಣೆ ಬಂತು. ಎದುರು ಮನೆಯ ಚಿಕ್ಕತಾಯಮ್ಮ ತಾನು ನಿಲ್ಲುತ್ತೇನೆಂದು ತಟ್ಟೆಯಲ್ಲಿ ವಿಭೂತಿ ಹಿಡಿದು ಬಂದಳು.

“ಅಕ್ಕ, ಇದ್ರ ಮ್ಯಾಲೆ ಕೈ ಮಡಗಿ, ಮಾದಪ್ಪನಾಣೆ ನಿಂಗೇ ಓಟು ಅನ್ನು.”

ನನಗೆ ಸೊಂಟ ಹಿಡಿದಾಗ ನಮ್ಮ ಹಸುವಿನ ಹಾಲು ಕರೆದುಕೊಟ್ಟವಳು ಅವಳು. ಅಂದುಬಿಟ್ಟೆ. ಅದೇ ವಾರ ನನ್ನ ಸೊಸೆ ಶಿವಮ್ಮನೂ ನಾಮಪತ್ರ ಹಾಕಿದಳು. ಆಣೆ ತಪ್ಪಿದರೆ ಮಾದಪ್ಪನ ಮುನಿಸು, ನಡೆಸಿದರೆ ಮನೆಯ ಹೆಣ್ಣಿಗೇ ದ್ರೋಹ. ನನಗೆ ತುತ್ತು ಇಳಿಯಲಿಲ್ಲ. ಸೊಸೆ ಪಾಪ, ಗ್ಯಾಸ್ಟ್ರಿಕ್ ಇರಬೇಕೆಂದು ಮಾತ್ರೆ ತಂದಳು.

ಮಾದಪ್ಪನ ಬೆಟ್ಟಕ್ಕೆ ಹೋಗಿ ತಪ್ಪುಕಾಣಿಕೆ ಹಾಕಿ ಆಣೆ ಬಿಡಿಸಿಕೊಳ್ಳೋಣ ಎಂದು ಯಾರಿಗೂ ಹೇಳದೆ ಕೊಳ್ಳೇಗಾಲಕ್ಕೆ ಬಂದು ಬಸ್ಸು ಹತ್ತಿದೆ. ನೋಡಿದರೆ ನಮ್ಮ ಬೀದಿಯೇ ಬಸ್ಸಿನಲ್ಲಿದೆ. ಎಲ್ಲರ ಮುಖಕ್ಕೂ ಸೆರಗು. ಹನೂರು ದಾಟುವವರೆಗೆ ಎಲ್ಲರೂ ಕಿಟಕಿಯಾಚೆಯೇ ನೋಡುತ್ತಿದ್ದರು. ಕೌದಳ್ಳಿ ಹತ್ತಿರ ಮೂಲೆಮನೆ ಕೆಂಪಮ್ಮ ನನ್ನ ಪಕ್ಕಕ್ಕೆ ಬಂದು ಕೂತಳು.

“ಅಕ್ಕೋ, ನೀನೂ ಆಣೆ ಬುಡ್ಸಕೇಯ?”

“ಊಂ ಕಣವ್ವ. ನೀನು?”

“ನಂದು ಎರಡವೆ. ಚಿಕ್ತಾಯಿಗೊಂದು, ನಿನ್ ಸೊಸೆಗೊಂದು. ಅವ್ಳೂ ಇಬೂತಿ ತಕಂಡು ಬಂದಿದ್ಲು ಕಣಕ್ಕ.”

ನನಗೆ ನಗು ತಡೆಯಲಾಗಲಿಲ್ಲ. ಸುತ್ತಲಿದ್ದವರೂ ಸೆರಗು ಸರಿಸಿ ನಕ್ಕರು. ಹಿಂದಿನ ಸೀಟಿನಲ್ಲಿ ಒಬ್ಬಳು ಮಾತ್ರ ನಗಲಿಲ್ಲ. ಚಿಕ್ಕತಾಯಮ್ಮ. ಗೆಲುವು ಬೇಡಲು ಹೊರಟಿದ್ದವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ಗುಡಿಯಲ್ಲಿ ಕಣ್ಣು ಮುಚ್ಚಿ, “ಅಪ್ಪಾ ಮಾದಪ್ಪ, ನನ್ ನಾಲ್ಗೆನೂ ಉಳ್ಸು, ನನ್ ಮನೆನೂ ಉಳ್ಸು” ಎಂದು ಬೇಡಿದೆ. ಪಕ್ಕದಲ್ಲೇ ಚಿಕ್ಕತಾಯಮ್ಮನ ದನಿ ಕೇಳಿತು.

“ಗೆಲ್ಸು ಅಂತ ಕೇಳಕೆ ಬಂದೆ ಮಾದಪ್ಪ. ಆದ್ರೆ ನಿನ್ ಎಸರೇಳಿ ಜನುನ್ನ ಎದರ್ಸಿಬುಟ್ಟಿವ್ನಿ. ತಕಂಡ ಆಣೆನೆಲ್ಲ ನಿನ್ ಪಾದಕ್ಕೇ ಬುಟ್ಟೆ.” ಆಮೇಲೆ ನಮ್ಮ ಕಡೆ ತಿರುಗಿ, “ಮನ್ಸಿಗೆ ಬಂದೋರ್ಗೆ ಓಟು ಆಕ್ರವ್ವ” ಅಂದಳು.

ತಪ್ಪುಕಾಣಿಕೆಯನ್ನು ನಮಗಿಂತ ಮೊದಲು ಅವಳೇ ಹಾಕಿದಳು.

ಊರಿಗೆ ಬಂದು ಸೊಸೆಗೆ ಹೇಳಿದೆ. ಮುಖ ಸಣ್ಣದು ಮಾಡಿಕೊಂಡು ಅವಳೂ ಮನೆಮನೆಗೆ ಹೋಗಿ ಆಣೆ ಬಿಟ್ಟುಕೊಟ್ಟು ಬಂದಳು. ಗೆದ್ದವಳು ಚಿಕ್ಕತಾಯಮ್ಮ. ಸೊಸೆ ಎರಡು ದಿನ ಪಾತ್ರೆ ಕುಕ್ಕಿದಳು. ಮೂರನೆಯ ದಿನ ಎದುರು ಮನೆಯಿಂದ ಪಾಯಸ ಬಂತು, ಖಾಲಿ ಪಾತ್ರೆಯಲ್ಲಿ ನಮ್ಮ ಮನೆಯ ಉಪ್ಪಿನಕಾಯಿ ಹೋಯಿತು.

ಆ ಸಂಜೆ ಸೊಸೆ ಕೇಳಿದಳು: “ಅತ್ತೆ, ನಿಮ್ ಓಟು ನಂಗೇ ತಾನೆ?”

“ನಿಂಗೇ ಕಣವ್ವ.”

“ಆಣೆ ಮಾಡಿ.”

“ಓಟಿನ ಇಸ್ಯಕ್ಕೆ ಇನ್ನು ಅವ್ನ ಎಸರು ಎತ್ತಕಿಲ್ಲ. ನಂಬುದ್ರೆ ನಂಬು.”

ನಂಬಿದಳೋ ಇಲ್ಲವೋ, ನಕ್ಕಳು. ಬೇಡಿದ ಎರಡನ್ನೂ ಉಳಿಸಿಕೊಟ್ಟ ಏಳುಮಲೆಯ ಒಡೆಯನಿಗೆ ಈ ಮುದುಕಿಯ ಅಡ್ಡಬಿದ್ದ ಶರಣು.