ಶಾರದತ್ತೆಯ ಕ್ವೆಶ್ಚನ್ ಮಾರ್ಕು

ಒರಳುಗುಂಡು ಗುಡುಗುಡು ತಿರುಗುವ ಸದ್ದು, ಅದರ ಮೇಲೆ ಶಾರದತ್ತೆಯ ಇಂಗ್ಲಿಷು. ಅರವತ್ತರ ದಶಕದ ನಮ್ಮ ಸಾಗರದ ಮನೆಯಲ್ಲಿ ಬೆಳಗಾಗುತ್ತಿದ್ದುದು ಹಾಗೆ. ಆಗೆಲ್ಲ ಗ್ರೈಂಡರ್ ಇರಲಿಲ್ಲ, ಟ್ಯೂಷನ್ನೂ ಇರಲಿಲ್ಲ. ಕಾನ್ವೆಂಟಿಗೆ ಹೋಗುತ್ತಿದ್ದ ನಾನೇ ಅತ್ತೆಯ ಟೀಚರು.

ಅತ್ತೆ ಅಪ್ಪನ ತಂಗಿ. ತೀರ್ಥಹಳ್ಳಿ ಕಡೆಗೆ ಮದುವೆಯಾಗಿ ಹೋದವಳು, ಗಂಡ ತೀರಿಕೊಂಡ ಮೇಲೆ ನಮ್ಮಲ್ಲಿಗೆ ಬಂದಿದ್ದಳು. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಒಂದು ಉಳಿದಿತ್ತು. ಪಾಸಾದರೆ ಟೀಚರ್ಸ್ ಟ್ರೈನಿಂಗು, ಆಮೇಲೆ ಸ್ವಂತ ಸಂಬಳ. ಇಲ್ಲವಾದರೆ ಗಂಡನ ಅಣ್ಣ ಬಂದು ಕರೆದೊಯ್ಯುವುದೆಂದು ಮಾತಾಗಿತ್ತು. ಅವರ ದೊಡ್ಡ ಸಂಸಾರಕ್ಕೆ ಅಡಿಗೆಯವಳು ಬೇಕಿತ್ತು. ಅಂಗಳದಲ್ಲಿ ಗಂಡಸಿನ ಚಪ್ಪಲಿ ಸದ್ದಾದರೆ ಸಾಕು, ಒರಳು ನಿಂತುಬಿಡುತ್ತಿತ್ತು.

ಅವಳಿಗೆ ಕ್ವೆಶ್ಚನ್ ಮಾರ್ಕಿನದೇ ಕಾಟ. when, where, why ಕಂಡಲ್ಲೆಲ್ಲ ಕೊನೆಗೊಂದು ಸಿಕ್ಕಿಸುವಳು. "I asked him when he would come" ಎಂಬುದಕ್ಕೂ.

"ಇಲ್ಲಿ ಫುಲ್‌ಸ್ಟಾಪ್ ಅತ್ತೆ. ಸಿಸ್ಟರ್ ಹೇಳಿದಾರೆ."

"ಎಂತಕ್ಕೆ? ಯಾವಾಗ ಬರ್ತೀಯ ಅಂತ ಕೇಳಿದ್ದಲ್ವೇನೆ? ಕೇಳಿದ ಮೇಲೆ ಪ್ರಶ್ನೆ ಆಗ್ಲಿಲ್ವಾ?"

"ಕೇಳಿದೆ ಅಂತ ಸುದ್ದಿ ಹೇಳ್ತಾ ಇದೀಯ ಅಷ್ಟೆ. ಎದುರಿಗೆ ನಿಂತು When will you come ಅಂದ್ರೆ ಮಾತ್ರ ಕ್ವೆಶ್ಚನ್ ಮಾರ್ಕು."

ಅತ್ತೆ ಉದ್ದಿನ ಹಿಟ್ಟಿನ ಕೈ ಹಾಗೇ ಹಿಡಿದು ಯೋಚಿಸಿದಳು. "ಅಂದ್ರೆ, ನಾ ನಿಮ್ಮಪ್ಪನ ಹತ್ರ ಮಾತಾಡ್ತೀನಲ್ಲ, ಹಂಗೆ."

ನಿಜ. ದೊಡ್ಡವರನ್ನು ಅವಳು ಏನನ್ನೂ ನೇರ ಕೇಳುತ್ತಿರಲಿಲ್ಲ. 'ಅಕ್ಕಿ ಎಷ್ಟು ಹಾಕ್ಬೇಕೋ ಗೊತ್ತಾಗ್ಲಿಲ್ಲ', 'ಫೀಸು ಕಟ್ಟೋದು ಯಾವತ್ತೋ ಏನೋ' ಎಂದು ಬಾಗಿಲ ಮರೆಯಲ್ಲಿ ನಿಂತು ಗೋಡೆಗೆ ಹೇಳುವಳು. ಅಪ್ಪನಿಗೆ ಮನಸ್ಸಿದ್ದರೆ ಉತ್ತರ.

"ನಿನ್ನದೆಲ್ಲ ಇನ್‌ಡೈರೆಕ್ಟ್ ಸ್ಪೀಚೇ" ಎಂದು ನಾನು ನಕ್ಕೆ.

"ಹಂಗಾರೆ ಪಾಸಾಗ್ತೀನಿ ಬಿಡು ಮಾರಾಯ್ತಿ."

ಪರೀಕ್ಷೆ ಬರೆದು ಬಂದವಳು ಚಪ್ಪಲಿ ಬಿಡುವ ಮೊದಲೇ, "ಅಂಥದ್ದೇ ಬಂದಿತ್ತು ಕಣೆ. ಫುಲ್‌ಸ್ಟಾಪೇ ಇಟ್ಟೆ" ಎಂದಳು. ಆದರೂ ಇಂಗ್ಲಿಷು ಹೋಯಿತು.

ತೀರ್ಥಹಳ್ಳಿಯಿಂದ ಅವಳ ಭಾವ ಬಂದು ಜಗಲಿಯಲ್ಲಿ ಕುಳಿತ ಸಂಜೆ, ಅತ್ತೆ ಒಳಗಿನಿಂದ ನೇರ ಬಂದು ಅಪ್ಪನೆದುರು ನಿಂತಳು.

"ಅಣ್ಣಯ್ಯ, ನಾ ಇನ್ನೊಂದು ಸಲ ಕಟ್ಲಾ?"

ಅಪ್ಪ ಭಾವನ ಮುಖ ನೋಡಿದರು. "ಕಾಫಿ ಆಯ್ತಾ ನೋಡು" ಎಂದರು.

"ಕಟ್ಲಾ ಅಣ್ಣಯ್ಯ?"

ಅಮ್ಮ ಬಂದು ಅವಳ ತೋಳು ಹಿಡಿದು ಒಳಗೆ ಕರೆದುಕೊಂಡು ಹೋದಳು.

ಈಗ ನನ್ನ ಮೊಮ್ಮಗಳು ಮೊಬೈಲಿನಲ್ಲಿ ಪ್ರಶ್ನೆಗೆ ಚಿಹ್ನೆಯನ್ನೇ ಹಾಕುವುದಿಲ್ಲ. "ಅವರಿಗೆ ಗೊತ್ತಾಗತ್ತೆ ಬಿಡಜ್ಜಿ" ಎನ್ನುತ್ತಾಳೆ. ಉತ್ತರ ಬಂದೂಬಿಡುತ್ತದೆ. ನನ್ನ ಗ್ರಾಮರ್ ರೂಲ್ಸೆಲ್ಲ ಇನ್ನೂ ಬಾಯಿಪಾಠ ಇವೆ, ಹೇಳಿಸಿಕೊಳ್ಳುವವರು ಯಾರೂ ಇಲ್ಲ. ಅತ್ತೆಯಷ್ಟು ಆಸೆಯಿಂದ ನನ್ನ ಹತ್ತಿರ ಕಲಿಯುವವರು ಆಮೇಲೆ ಸಿಗಲೂ ಇಲ್ಲ.

ಅತ್ತೆಯನ್ನು ಕೊನೆಯ ಸಲ ನೋಡಿದ್ದು ಭಾವ ಬಂದ ಮರುದಿನ, ಸಾಗರದ ಬಸ್‌ಸ್ಟ್ಯಾಂಡಿನಲ್ಲಿ. ಕಿಟಕಿ ಪಕ್ಕ ಕೂತಿದ್ದಳು, ಹಿಂದಿನ ಸೀಟಿನಲ್ಲಿ ಭಾವ. ಕಂಡಕ್ಟರು "ಎಲ್ಲಿಗಮ್ಮಾ?" ಎಂದು ಅವಳನ್ನೇ ಕೇಳಿದ. ಅತ್ತೆ ಬಾಯಿ ತೆರೆದಳು.

"ತೀರ್ಥಹಳ್ಳಿ, ಎರಡು" ಎಂದರು ಭಾವ.